ಹೊಸ ಮನೆಗೆ ಯಾವ ಪೈಪ್? ಪ್ಲಂಬರ್ ಒಂದು ಹೇಳ್ತಾರೆ, ಅಪ್ಪ ಇನ್ನೊಂದು

ಹೊಸಮನೆ_ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸ್ತಾ ಇದ್ದೇವೆ. ಕೆಳಗೆ ನಾವು, ಮೇಲೆ ಒಂದು ಬಾಡಿಗೆ ಮನೆ. ಗೋಡೆ ಮುಗಿದಿದೆ. ಮುಂದಿನ ವಾರ ಗೋಡೆ ಕೊರೆದು ಪೈಪ್ ಹಾಕಬೇಕು, ಆಮೇಲೆ ಗಿಲಾವು. ಈಗ ಮನೆಯಲ್ಲಿ ಪೈಪಿನ ಜಗಳ ಶುರುವಾಗಿದೆ.

ಪ್ಲಂಬರ್ "ಸಾರ್, ಎಲ್ಲ ಕಡೆ ಸಿಪಿವಿಸಿ ಹಾಕಿಬಿಡೋಣ, ಈಗ ಎಲ್ಲರೂ ಹಾಕಿಸೋದು ಅದನ್ನೇ" ಅಂತಾರೆ. ಸಿಪಿವಿಸಿ ಅಂದರೆ ಬಿಸಿ ನೀರಿಗೂ ಆಗೋ ಪ್ಲಾಸ್ಟಿಕ್ ಪೈಪು. ಅಪ್ಪ "ಗೋಡೆಯೊಳಗೆ ಪ್ಲಾಸ್ಟಿಕ್ ಹೋಗಕೂಡದು, ಜಿಐ (ಸತು ಲೇಪಿಸಿದ ಕಬ್ಬಿಣದ ಪೈಪು) ಹಾಕಿಸು" ಅಂತ ಪಟ್ಟು ಹಿಡಿದಿದ್ದಾರೆ. ಪಕ್ಕದ ಮನೆಯವರು ಹಸಿರು ಪಿಪಿಆರ್, ಅಂದರೆ ಇನ್ನೊಂದು ಬಗೆಯ ಪ್ಲಾಸ್ಟಿಕ್ ಪೈಪು, ಹಾಕಿಸಿದ್ದಾರೆ. ಕರೆದು ಕೂರಿಸಿ, ಕಾಫಿ ಕೊಟ್ಟು, ಒಂದು ಗಂಟೆ ಪಾಠ ಮಾಡಿದರು. ಕಾಫಿ ಚೆನ್ನಾಗಿತ್ತು, ಪಾಠ ಪೂರ್ತಿ ತಲೆಗೆ ಹೋಗಲಿಲ್ಲ.

ನಮ್ಮ ಪರಿಸ್ಥಿತಿ: ಬೋರ್‌ವೆಲ್ ಇದೆ, ಜೊತೆಗೆ ಆಗಾಗ ಹೇಮಾವತಿ ನೀರು ಬರುತ್ತೆ. ಬೋರ್ ನೀರು ಗಡಸು, ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕೂರುತ್ತೆ. ತಾರಸಿ ಮೇಲೆ 200 ಲೀಟರಿನ ಸೋಲಾರ್ ಬರುತ್ತೆ, ಗಾಜಿನ ಟ್ಯೂಬಿನದು. ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಇಪ್ಪತ್ತು ವರ್ಷ ಗೋಡೆ ಒಡೆಯಬಾರದು. ಏನು ಹಾಕಿಸಲಿ?

ಗಡಿಬಿಡಿ_ಗುಂಡ

ಸಿಪಿವಿಸಿ. ಮುಗೀತು. ಮುಂದಿನ ಪ್ರಶ್ನೆ?

ಸುಮ್ನೆ_ಓದುಗ

ಗುಂಡಣ್ಣ ಎಲ್ಲ ಚರ್ಚೆಗೂ ಹೀಗೇ ಬಂದು ಒಂದು ಪದ ಹಾಕಿ ಹೋಗ್ತಾನೆ. ಕಾರಣ ಹೇಳು ಗುರು.

ಹಳೇಮನೆ_ಹಾಸನ

ನಿಮ್ಮ ಅಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ, ಆದರೆ ನಮ್ಮ ಕಥೆಯನ್ನೂ ಅವರಿಗೆ ಓದಿ ಹೇಳಿ. ನಮ್ಮದು 1993ರಲ್ಲಿ ಕಟ್ಟಿದ ಮನೆ, ಪೂರ್ತಿ ಜಿಐ. ಹತ್ತು ಹನ್ನೆರಡು ವರ್ಷ ಒಂದು ಹನಿ ಸೋರಲಿಲ್ಲ. ಆಮೇಲೆ ಬಚ್ಚಲ ನಲ್ಲಿಯಲ್ಲಿ ನೀರು ಸಣ್ಣಗಾಯ್ತು. ನಲ್ಲಿ ಬದಲಾಯಿಸಿದೆವು, ಟ್ಯಾಂಕ್ ಎತ್ತರ ಮಾಡಿದೆವು, ಪ್ರಯೋಜನ ಇಲ್ಲ. ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಮೊದಲ ಬಕೆಟ್ಟು ಪೂರ್ತಿ ಕೆಂಪು ನೀರು.

ಕೊನೆಗೆ ಗೋಡೆ ಒಡೆಸಿದೆವು. ಪ್ಲಂಬರ್ ಒಂದು ಎಲ್ಬೋ ಪಕ್ಕ ಪೈಪ್ ಕತ್ತರಿಸಿ ನನ್ನ ಕೈಗೆ ಕೊಟ್ಟರು. ಅರ್ಧ ಇಂಚಿನ ಪೈಪು, ಒಳಗೆ ತುಕ್ಕು ಮತ್ತು ಸುಣ್ಣ ಪದರ ಪದರವಾಗಿ ಕೂತು, ನಡುವೆ ಬಳಪ ತೂರುವಷ್ಟು ಜಾಗ. ಆ ತುಂಡು ಇನ್ನೂ ನಮ್ಮ ಶೆಡ್ಡಿನಲ್ಲಿದೆ. ಯಾರಾದರೂ ಜಿಐ ಅಂದರೆ ತಂದು ತೋರಿಸ್ತೀನಿ.

ಹೊಸಮನೆ_ತುಮಕೂರು

ಅದರ ಫೋಟೋ ಹಾಕ್ತೀರಾ? ಅಪ್ಪ ಬರಹ ನಂಬಲ್ಲ, ಫೋಟೋ ನಂಬ್ತಾರೆ.

ಹುಬ್ಬಳ್ಳಿ_ಸೈಟ್‌ಮನಿ

ನಮಸ್ಕಾರ್ರೀ. ನಾನು ಸಿವಿಲ್ ಓದಿ ಸೈಟಿನಾಗ ಹದಿನೈದು ವರ್ಷ ಕೆಲಸ ಮಾಡಿದವ. ಒಂದು ಮಾತು ಮೊದಲಿಗೇ ಹೇಳ್ತೀನಿ, ಯಾವ ಪೈಪ್ ಅಂತ ಕೇಳೋಕೆ ಮುಂಚೆ ಪೈಪಿನೊಳಗೆ ಯಾವ ನೀರು, ಎಷ್ಟು ಬಿಸಿ ಅಂತ ಕೇಳ್ಬೇಕು. ನಿಮ್ಮ ಸೋಲಾರ್ ಇಡೀ ಆಟ ಬದಲಾಯಿಸ್ತದ.

ಸಿಪಿವಿಸಿ ಬಿಸಿ ನೀರಿಗೆ ಅಂತಲೇ ಇರೋದು, ಅದರ ಭಾರತೀಯ ಮಾನಕ ಐಎಸ್ 15778. ಆದರೆ ಅದಕ್ಕೂ ಮಿತಿ ಐತಿ. ಕಂಪನಿಯವರು ಕೊಡೋ ಮಿತಿ 82 ಡಿಗ್ರಿ ಸೆಲ್ಸಿಯಸ್. ತಣ್ಣೀರಿನಲ್ಲಿ ಎಸ್‌ಡಿಆರ್ 11 ಪೈಪು (ಹೊರವ್ಯಾಸ ಪೈಪಿನ ದಪ್ಪದ 11 ಪಟ್ಟು ಇರೋದು) ಚದರ ಸೆಂಟಿಮೀಟರಿಗೆ ಸುಮಾರು 28 ಕೆಜಿ ಒತ್ತಡ ತಡೀತದ, 82 ಡಿಗ್ರಿಯಲ್ಲಿ ಅದೇ ಪೈಪು ಸುಮಾರು 7 ಕೆಜಿ ಮಾತ್ರ. ನೀವು ಏಪ್ರಿಲ್ ತಿಂಗಳಲ್ಲಿ ಮನೆಗೆ ಬೀಗ ಹಾಕಿ ನಾಲ್ಕು ದಿನ ಊರಿಗೆ ಹೋಗ್ರಿ. ಯಾರೂ ನೀರು ಬಳಸದಿದ್ದರೆ ಟ್ಯೂಬಿನ ಸೋಲಾರಿನಲ್ಲಿ ನೀರು ಕುದಿಯೋ ಹತ್ತಿರ ಹೋಗ್ತದ. ಆಗ ಟ್ಯಾಂಕಿನ ಬಾಯಿಗೆ ಹಚ್ಚಿದ ಸಿಪಿವಿಸಿ ಮೆತ್ತಗಾಗಿ ಜೋತು ಬೀಳ್ತದ.

ಅದಕ್ಕೆ ಸೋಲಾರ್ ಟ್ಯಾಂಕಿನಿಂದ ಮೊದಲ ಕೆಲವು ಮೀಟರ್ ಲೋಹ ಹಾಕ್ರಿ, ಇಲ್ಲಾ ನಡುವೆ ಅಲ್ಯೂಮಿನಿಯಂ ಪದರ ಇರೋ ಕಾಂಪೋಸಿಟ್ ಪೈಪ್ ಹಾಕ್ರಿ. ಅದು ತಾರಸಿ ಮೇಲೆ ಕಣ್ಣಿಗೆ ಕಾಣೋ ಹಂಗ ಇರ್ತದ, ಹತ್ತು ವರ್ಷಕ್ಕೆ ಬದಲಾಯಿಸಿದರೂ ಗೋಡೆ ಒಡಿಯೋದಿಲ್ಲ. ಗೋಡೆಯೊಳಗಿನದು ಸಿಪಿವಿಸಿ ಇರಲಿ.

ನಲ್ಲಿರಿಪೇರಿ

ಮೇಲಿನವರು ಹೇಳಿದ್ದು ಸರಿ. ನಾನು ಪ್ಲಂಬರ್, ಮೈಸೂರು ಕಡೆ. ಒಂದು ಸೇರಿಸ್ತೀನಿ. ಸೋಲಾರ್‌ಗೆ ಹೋಗೋ ತಣ್ಣೀರಿನ ಪೈಪು ಯಾವುದು ಅಂತ ಕೇಳಿ. ಎಲ್ಲರೂ "ತಣ್ಣೀರು ತಾನೇ" ಅಂತ ಬಿಳಿ ಯುಪಿವಿಸಿ (ತಣ್ಣೀರಿಗೆ ಮಾತ್ರ ಆಗೋ ಪ್ಲಾಸ್ಟಿಕ್ ಪೈಪು) ಹಾಕಿಬಿಡ್ತಾರೆ. ರಿಟರ್ನ್ ತಡೆಯೋ ವಾಲ್ವ್ ಇಲ್ಲದಿದ್ದರೆ ಟ್ಯಾಂಕಿನ ಬಿಸಿ ನೀರು ಹಿಂದಕ್ಕೆ ತಣ್ಣೀರಿನ ಪೈಪಿಗೂ ನುಗ್ಗುತ್ತೆ. ಯುಪಿವಿಸಿ ಬಾಳೆದಿಂಡಿನ ತರ ಬಾಗಿ ನಿಂತಿರೋದನ್ನು ಎಷ್ಟೋ ತಾರಸಿಯಲ್ಲಿ ನೋಡಿದ್ದೀನಿ. ಸೋಲಾರ್ ಹತ್ತಿರ ತಣ್ಣೀರಿನ ಪೈಪನ್ನೂ ಬಿಸಿ ನೀರಿನ ಪೈಪಿನ ತರವೇ ನೋಡಿಕೊಳ್ಳಿ. ವಾಲ್ವ್ ಮರೀಬೇಡಿ.

ಹೊಸಮನೆ_ತುಮಕೂರು

ಅಯ್ಯೋ, ನಮ್ಮ ಕೊಟೇಶನ್‌ನಲ್ಲಿ ಸೋಲಾರ್‌ಗೆ ತಣ್ಣೀರು ಯುಪಿವಿಸಿ ಅಂತಲೇ ಬರೆದಿದೆ! ಈಗ ನೋಡಿದೆ.

ತಾಮ್ರಪ್ರಿಯ

ಯಾಕೆ ಯಾರೂ ತಾಮ್ರದ ಹೆಸರು ಎತ್ತುತ್ತಿಲ್ಲ? ದುಡ್ಡು ಪರವಾಗಿಲ್ಲ ಅಂದಿದ್ದಾರಲ್ಲ. ತಾಮ್ರಕ್ಕೆ ಬಿಸಿಯ ಚಿಂತೆ ಇಲ್ಲ, ತುಕ್ಕು ಇಲ್ಲ, ಬ್ಯಾಕ್ಟೀರಿಯಾ ಬೆಳೆಯೋದು ಕಡಿಮೆ. ನಮ್ಮ ಹಿರಿಯರು ತಾಮ್ರದ ಚೊಂಬಿನಲ್ಲಿ ನೀರು ಕುಡಿದದ್ದು ಸುಮ್ನೆ ಅಲ್ಲ.

ಕಡಲತಡಿ

ಮಾರಾಯ್ರೆ, ಚೊಂಬು ಬೇರೆ, ಪೈಪು ಬೇರೆ. ಚೊಂಬನ್ನು ಹುಣಸೆಹಣ್ಣು ಹಾಕಿ ದಿನಾ ತಿಕ್ಕುತ್ತೀರಿ, ಪೈಪಿನ ಒಳಗೆ ಕೈ ಹಾಕ್ತೀರಾ?

ನಮ್ಮದು ಉಡುಪಿ ಕಡೆ, ಮುರಕಲ್ಲಿನ ನೆಲ. ಬಾವಿ ನೀರು ಕುಡಿಯಲಿಕ್ಕೆ ಸಿಹಿ, ಸೋಪು ಹಾಕಿದರೆ ನೊರೆಯೋ ನೊರೆ. ಆದರೆ ಸ್ವಲ್ಪ ಹುಳಿ ಸ್ವಭಾವದ ನೀರು, ಅಂದರೆ ಪಿಹೆಚ್ 7ಕ್ಕಿಂತ ಕೆಳಗೆ. ಈ ನೀರು ಲೋಹವನ್ನು ಮೆಲ್ಲಗೆ ತಿನ್ನುತ್ತದೆ. ನಮ್ಮ ಚಿಕ್ಕಪ್ಪ ಆಸೆಪಟ್ಟು ತಾಮ್ರದ ಪೈಪು ಹಾಕಿಸಿದರು. ಎರಡು ವರ್ಷಕ್ಕೆ ವಾಶ್ ಬೇಸಿನ್ನಿನಲ್ಲಿ ನಲ್ಲಿಯ ಕೆಳಗೆ ಹಸಿರು ಗೆರೆ. ಚಿಕ್ಕಮ್ಮ ದಿನಾ ತಿಕ್ಕಿ ತಿಕ್ಕಿ ಸೋತರು. ಜಿಐ ಕತೆಯೂ ಇಲ್ಲಿ ಅಷ್ಟೇ, ಸತುವಿನ ಲೇಪ ಬೇಗ ಹೋಗುತ್ತದೆ. ಹೊರಗಿಂದ ಉಪ್ಪುಗಾಳಿ ತಿನ್ನುತ್ತದೆ, ಒಳಗಿಂದ ನೀರು ತಿನ್ನುತ್ತದೆ. ನಮ್ಮ ಕಡೆಗೆ ಪ್ಲಾಸ್ಟಿಕ್ಕೇ ಸೈ.

ತುಮಕೂರಿನ ಗಡಸು ನೀರಿಗೆ ತಾಮ್ರ ಅಷ್ಟು ಬೇಗ ಕರಗಲಿಕ್ಕಿಲ್ಲ. ಆದರೆ ಬೆಸುಗೆ ಸರಿಯಾಗಿ ಹಾಕುವ ಜನ ನಿಮ್ಮಲ್ಲಿ ಸಿಗುತ್ತಾರಾ ಅಂತ ಮೊದಲು ಕೇಳಿ.

ಗಡಿಬಿಡಿ_ಗುಂಡ

ಮತ್ತೆ ಗೃಹಪ್ರವೇಶಕ್ಕೆ ಮುಂಚೆ ಕಳ್ಳ ಬಂದು ಪೈಪ್ ಬಿಚ್ಚಿಕೊಂಡು ಹೋಗ್ತಾನೆ.

ತಾಮ್ರಪ್ರಿಯ

ಅದು ಮಾತ್ರ ನಿಜ. ನಮ್ಮ ರಸ್ತೆಯಲ್ಲಿ ಎಸಿ ಪೈಪೇ ಕದ್ದಿದ್ದಾರೆ.

ಲೆಕ್ಕದ_ಮೇಷ್ಟ್ರು

ಮೇಲೆ ಎಸ್‌ಡಿಆರ್ 11, 28 ಕೆಜಿ ಎಂದೆಲ್ಲ ಬಂತು. ಅಂಗಡಿಯವರು ಇದೇ ಲೆಕ್ಕ ಹೇಳಿ ದಪ್ಪ ಪೈಪು ಮಾರುತ್ತಾರೆ. ನಿಮಗೆ ನಿಜವಾಗಿ ಬೇಕಾದ ಒತ್ತಡ ಎಷ್ಟು, ನೋಡೋಣ.

ನೀರು 10 ಮೀಟರ್ ಎತ್ತರದಿಂದ ಬಂದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ. ನಿಮ್ಮ ಮೇಲಿನ ಮನೆಯಲ್ಲಿ ಶವರ್ ನೆಲದಿಂದ 2.1 ಮೀಟರ್, ತಾರಸಿ 3 ಮೀಟರ್, ತಾರಸಿಯ ಮೇಲೆ ಟ್ಯಾಂಕಿನ ಸ್ಟ್ಯಾಂಡು 1.5 ಮೀಟರ್ ಎಂದುಕೊಳ್ಳಿ. ಶವರಿನಿಂದ ಟ್ಯಾಂಕಿನ ತಳಕ್ಕೆ 2.4 ಮೀಟರ್. ಒತ್ತಡ 0.24 ಕೆಜಿ! ಕೆಳಗಿನ ಮನೆಗೆ ಇನ್ನೊಂದು 3 ಮೀಟರ್ ಸೇರಿ 0.54. ಪ್ರೆಷರ್ ಪಂಪ್ ಇಡದಿದ್ದರೆ ನಿಮ್ಮ ಪೈಪು ಒತ್ತಡಕ್ಕೆ ಒಡೆಯುವ ಪ್ರಶ್ನೆಯೇ ಇಲ್ಲ. ನಿಮ್ಮ ಸಮಸ್ಯೆ ಅದರ ಉಲ್ಟಾ, ಒತ್ತಡ ಸಾಲದೆ ನೀರು ಸಣ್ಣಗೆ ಬರುವುದು.

ಇಲ್ಲೇ ಒಂದು ಮೋಸ ಇದೆ. ಮೋಸ ಅಂದರೆ ಯಾರೂ ಮಾಡಿದ್ದಲ್ಲ, ಅಳತೆಯದು. ಅರ್ಧ ಇಂಚಿನ ಜಿಐ ಪೈಪಿನ ಒಳವ್ಯಾಸ ಸುಮಾರು 16 ಎಂಎಂ. ಅರ್ಧ ಇಂಚಿನ ಸಿಪಿವಿಸಿ ತಾಮ್ರದ ಪೈಪಿನ ಅಳತೆಯಲ್ಲಿ ಬರುತ್ತದೆ, ಹೊರವ್ಯಾಸವೇ 15.9 ಎಂಎಂ. ಒಳಗೆ ಉಳಿಯುವುದು ಹನ್ನೆರಡೂವರೆ. ವರ್ಗ ಮಾಡಿ ಭಾಗಿಸಿದರೆ ನೀರು ಹೋಗುವ ದಾರಿ ಜಿಐನ ನೂರಕ್ಕೆ 61 ಭಾಗ. ಹೆಸರು ಎರಡಕ್ಕೂ ಅರ್ಧ ಇಂಚು! ಹಳೇ ಜಿಐ ಲೆಕ್ಕದಲ್ಲೇ ಸಿಪಿವಿಸಿ ಹಾಕಿ ಆಮೇಲೆ "ಫೋರ್ಸ್ ಇಲ್ಲ" ಅನ್ನುವವರು ಬಹಳ ಜನ.

ಸಿಪಿವಿಸಿಯೇ ಹಾಕಿಸಿ. ಆದರೆ ಟ್ಯಾಂಕಿನಿಂದ ಇಳಿಯುವುದು ಒಂದೂಕಾಲು ಅಥವಾ ಒಂದು ಇಂಚು, ಬಚ್ಚಲಿಗೆ ಮುಕ್ಕಾಲು, ಕೊನೆಗೆ ನಲ್ಲಿಯ ಹತ್ತಿರ ಮಾತ್ರ ಅರ್ಧ.

ಹೊಸಮನೆ_ತುಮಕೂರು

ಮೇಷ್ಟ್ರೇ, ಇದನ್ನು ಪ್ರಿಂಟ್ ತೆಗೆದು ಪ್ಲಂಬರ್‌ಗೆ ಕೊಡ್ತೀನಿ. ಅವರು ಬಚ್ಚಲಿಗೆ ಪೂರ್ತಿ ಅರ್ಧ ಇಂಚು ಸಾಕು ಅಂದಿದ್ದರು.

ನಲ್ಲಿರಿಪೇರಿ

> ಬಚ್ಚಲಿಗೆ ಪೂರ್ತಿ ಅರ್ಧ ಇಂಚು ಸಾಕು ಅಂದಿದ್ದರು

ಪ್ರಿಂಟ್ ಕೊಡಬೇಡಿ ಸಾರ್, ಬೇಜಾರಾಗ್ತಾರೆ. "ನಂಗೆ ಶವರ್ ಜೋರಾಗಿ ಬರಬೇಕು, ಮುಕ್ಕಾಲು ಹಾಕಿ" ಅಂತ ಹೇಳಿ, ಸಾಕು. ಹೇಳಿದ್ದು ಮಾಡ್ತೀವಿ, ಲೆಕ್ಚರ್ ಕೊಟ್ಟರೆ ಮೂಡ್ ಹೋಗುತ್ತೆ.

ಪಿಪಿಆರ್_ಪಕ್ಷ

ನಾನು ಪಿಪಿಆರ್ ಪರ. ದುಬೈಯಲ್ಲಿ ಎಂಟು ವರ್ಷ ಕೆಲಸ ಮಾಡಿ ಬಂದವನು, ಅಲ್ಲಿ ನಾನಿದ್ದ ಸೈಟುಗಳಲ್ಲೆಲ್ಲ ಅದೇ. ಗೋಂದು ಹಚ್ಚೋದಿಲ್ಲ, ಮೆಷಿನ್ನಿನಲ್ಲಿ 260 ಡಿಗ್ರಿಗೆ ಕಾಯಿಸಿ ಪೈಪು ಫಿಟಿಂಗ್ ಎರಡನ್ನೂ ಕರಗಿಸಿ ಒಂದಕ್ಕೊಂದು ಒತ್ತೋದು. ತಣ್ಣಗಾದ ಮೇಲೆ ಅದು ಜಾಯಿಂಟೇ ಅಲ್ಲ, ಒಂದೇ ತುಂಡು. ಸಾಲ್ವೆಂಟ್ (ಸಿಪಿವಿಸಿ ಅಂಟಿಸೋ ಗೋಂದು) ವಾಸನೆಯೂ ಇಲ್ಲ. ಒಗೆದರೂ ಒಡೆಯಲ್ಲ. ಸಿಪಿವಿಸಿ ಹಳೇದಾದರೆ ಗಾಜಿನ ತರ ಸೀಳುತ್ತೆ, ಹೌದೋ ಅಲ್ವೋ ಹೇಳಿ?

ನಲ್ಲಿರಿಪೇರಿ

ಸೀಳುತ್ತೆ, ಒಪ್ತೀನಿ. ಅದರಲ್ಲೂ ಬಿಸಿಲಿಗೆ ಇಟ್ಟದ್ದು. ಆದರೆ ಪಿಪಿಆರ್ ಮೆಷಿನ್ನಿನಲ್ಲಿ ಎರಡು ಸೆಕೆಂಡ್ ಜಾಸ್ತಿ ಇಟ್ಟರೆ ಕರಗಿದ ಪ್ಲಾಸ್ಟಿಕ್ ಒಳಗಡೆ ಬಳೆ ತರ ಉಬ್ಬಿ ದಾರಿ ಮುಚ್ಚುತ್ತೆ. ಹೊರಗಡೆ ನೋಡಿದರೆ ಚೆಂದ! ಟೆಸ್ಟಿಂಗ್‌ನಲ್ಲೂ ಸೋರಲ್ಲ. ನಲ್ಲಿ ತಿರುಗಿಸಿದಾಗ ಗೊತ್ತಾಗುತ್ತೆ. ಐದು ವರ್ಷದ ಮೇಲೆ ಮೂಲೆಯಲ್ಲಿ ಒಂದು ಜಾಗ ಸೋರಿದರೆ, ಆ ಮೆಷಿನ್ನಿನ ಮೂತಿ ಗೋಡೆಯೊಳಗೆ ಹೋಗೋಷ್ಟು ಅಗಲ ಒಡೀಬೇಕು. ಸಿಪಿವಿಸಿ ಆದರೆ ಅಂಗೈ ಅಗಲ ಒಡೆದು ಕಪ್ಲಿಂಗ್ ಹಾಕಿ ಬರ್ತೀನಿ.

ಪಿಪಿಆರ್ ಚೆನ್ನಾಗಿ ಗೊತ್ತಿರೋ ಹುಡುಗ ನಿಮ್ಮೂರಲ್ಲೇ ಇದ್ದರೆ ಹಾಕಿಸಿ, ಒಳ್ಳೇ ಪೈಪು. ಬೇರೆ ಊರಿಂದ ಬಂದು ಹಾಕಿ ಹೋಗೋನಾದರೆ ಬೇಡ.

ಪಿಪಿಆರ್_ಪಕ್ಷ

ಅದು ಹುಡುಗನ ತಪ್ಪು, ಪೈಪಿನ ತಪ್ಪಲ್ಲ.

ನಲ್ಲಿರಿಪೇರಿ

ಸಾರ್, ಮನೆಯಲ್ಲಿ ಸೋರೋದೆಲ್ಲ ಹುಡುಗನ ತಪ್ಪೇ. ಪೈಪು ತಾನಾಗಿ ಸೋರೋದು ನೂರಕ್ಕೆ ಒಂದೋ ಎರಡೋ.

ಎರಡು_ಮಕ್ಕಳ_ಅಮ್ಮ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಈ ಪ್ಲಾಸ್ಟಿಕ್ ಪೈಪಿನ ನೀರು ಕುಡಿಯಬಹುದಾ? ಸೀಸ ಇರುತ್ತೆ ಅಂತ ಎಲ್ಲೋ ಓದಿದೆ.

ಹುಬ್ಬಳ್ಳಿ_ಸೈಟ್‌ಮನಿ

ಒಳ್ಳೇ ಪ್ರಶ್ನೆ ಕೇಳಿದ್ರಿ ಅಕ್ಕಾರ. ಹಳೇ ಪಿವಿಸಿ ಪೈಪಿನಲ್ಲಿ ಬಿಸಿಗೆ ಕೆಡದಂಗ ಇರಲಿ ಅಂತ ಸೀಸದ ಸ್ಟೆಬಿಲೈಸರ್ ಹಾಕ್ತಿದ್ದರು. ಅದನ್ನು ತೆಗೀಬೇಕು ಅಂತ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡ್ತು. ಈಗ ಪೈಪಿನ ಮೇಲೆ ಲೆಡ್ ಫ್ರೀ ಅಂತ ಅಚ್ಚು ಇರ್ತದ, ನೋಡಿ ತಗೊಳ್ರಿ. ಸಿಪಿವಿಸಿಯಲ್ಲಿ ಸಾಮಾನ್ಯವಾಗಿ ತವರದ ಸ್ಟೆಬಿಲೈಸರ್ ಇರ್ತದ. ಹೊಸ ಪೈಪು ಹಾಕಿದ ಮೇಲೆ ಸಾಲ್ವೆಂಟ್ ವಾಸನೆ ಹೋಗೋ ತನಕ ನೀರು ಬಿಟ್ಟು ತೊಳೀರಿ. ಆ ನೀರನ್ನ ಕುಡೀಬ್ಯಾಡ್ರಿ.

ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ ಎಲ್ ನಂಬರ್ (ತಯಾರಕರ ಲೈಸೆನ್ಸ್ ನಂಬರ್) ಇಲ್ಲದ ಪೈಪು ಮನಿ ಹೊಸ್ತಿಲು ದಾಟಬಾರದು. ಆ ನಂಬರನ್ನ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು.

ಪಾವಗಡ_ಬಿಸಿಲು

ಅಕ್ಕ, ನಮ್ಮ ಜಿಲ್ಲೆಯಲ್ಲಿ ಪೈಪಿಗಿಂತ ನೀರಿನದೇ ಚಿಂತೆ. ಪಾವಗಡ, ಶಿರಾ, ಮಧುಗಿರಿ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಚಿನ್ನದ ಪೈಪ್ ಹಾಕಿಸಿದರೂ ಅದು ಹೋಗಲ್ಲ. ಕುಡಿಯೋ ನೀರಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಮಲೆನಾಡ_ಜಡಿಮಳೆ

ನಿಮ್ಮೆಲ್ಲರ ಚರ್ಚೆ ಓದಿ ನಗು ಬರ್ತಾ ಇದೆ. ನಮ್ಮ ಅಜ್ಜನ ಕಾಲದಲ್ಲಿ ಗುಡ್ಡದ ಅಬ್ಬಿಯಿಂದ ಅಂಗಳಕ್ಕೆ ನೀರು ಬರ್ತಾ ಇದ್ದದ್ದು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ. ಪೈಪೇ ಇಲ್ಲ! ಮಳೆಗಾಲಕ್ಕೆ ಮುಂಚೆ ಕೊಳೆತದ್ದನ್ನು ತೆಗೆದು ಹೊಸದು ಇಡೋದು. ಈಗ ಕಪ್ಪು ಸುರುಳಿ ಪೈಪು ಬಂದಿದೆ. ಅದನ್ನು ಬೇಸಿಗೆಯಲ್ಲಿ ಇಲಿ, ಅಳಿಲು ಕಡಿತವೆ. ಒಳಗೆ ನೀರು ಹರಿಯೋ ಸದ್ದು ಕೇಳಿ ಬಾಯಾರಿ ಕಡಿಯೋದು ಅಂತ ನಮ್ಮ ತಂದೆ ಹೇಳ್ತಾರೆ. ನಿಜವೋ ಏನೋ.

ಒಂದು ಕಿವಿಮಾತು. ಸೌದೆ ಒಲೆಯ ಬಾಯ್ಲರಿಗೆ ಯಾರೂ ಸಿಪಿವಿಸಿ ಸೇರಿಸಬೇಡಿ. ನಮ್ಮ ಭಾವ ಸೇರಿಸಿದರು. ದೀಪಾವಳಿ ನೀರು ತುಂಬುವ ಹಬ್ಬದ ಮಾರನೇ ಬೆಳಿಗ್ಗೆ ಮನೆ ತುಂಬ ನೆಂಟರು, ಬೆಂಕಿ ಜೋರಾಗಿ ಹಾಕಿದ್ದು. ಪೈಪು ಬಾಯ್ಲರಿನ ಬುಡದಿಂದ ಜಾರಿಕೊಂಡು ಬಂತು. ಎಣ್ಣೆ ಹಚ್ಚಿಕೊಂಡು ಕೂತ ಹದಿನಾಲ್ಕು ಜನ ಹಾಗೇ ಕೂತಿದ್ದರು.

ಸುಮ್ನೆ_ಓದುಗ

ಎಣ್ಣೆ ಹಚ್ಚಿಕೊಂಡು ಕೂತ ಹದಿನಾಲ್ಕು ಜನ! ಆಮೇಲೆ ಏನಾಯ್ತು?

ಮಲೆನಾಡ_ಜಡಿಮಳೆ

ಅಡುಗೆಮನೆ ಒಲೆಯಲ್ಲಿ ಪಾತ್ರೆ ಪಾತ್ರೆ ನೀರು ಕಾಯಿಸಿದರು. ಕೊನೆಯವನ ಸ್ನಾನ ಆದಾಗ ಮಧ್ಯಾಹ್ನ. ಕಡುಬು ಆರಿಹೋಗಿತ್ತು.

ಶಿಕಾಗೋದಿಂದ

ಇಲ್ಲಿಯ ಎರಡು ಮಾತು. ಅಮೆರಿಕದಲ್ಲಿ ಪೈಪಿನ ಕತೆ ದೊಡ್ಡ ಪಾಠ. ಶಿಕಾಗೋದಲ್ಲಿ ಬೀದಿಯಿಂದ ಮನೆಗೆ ಬರುವ ಪೈಪು ಸೀಸದ್ದೇ ಇರಬೇಕು ಅಂತ ನಗರದ ನಿಯಮವೇ ಇತ್ತು, 1986ರಲ್ಲಿ ದೇಶಕ್ಕೇ ನಿಷೇಧ ಬರುವ ತನಕ. ಈಗ ಅದನ್ನು ಅಗೆದು ತೆಗೆಯೋದಕ್ಕೆ ಒದ್ದಾಡ್ತಾ ಇದ್ದಾರೆ. ಇನ್ನೊಂದು ಪಾಲಿಬ್ಯುಟಿಲೀನ್ ಅನ್ನುವ ಬೂದು ಪೈಪು. 1970ರ ದಶಕದ ಕೊನೆಯಿಂದ 1995ರ ತನಕ "ಮುಂದಿನ ಕಾಲದ ಪೈಪು" ಅಂತ ಲಕ್ಷಗಟ್ಟಲೆ ಮನೆಗೆ ಹಾಕಿದರು. ನೀರಿನ ಕ್ಲೋರಿನ್‌ಗೆ ಒಳಗಿಂದ ಸೀಳಿ ಸೋರಿ, ಕೋರ್ಟು ಕಚೇರಿ ಆಯ್ತು. ಈಗ ಪೆಕ್ಸ್ ಅನ್ನುವ ಪ್ಲಾಸ್ಟಿಕ್ ಪೈಪು ಹೊಸಬ. ಬಿಸಿಗೆ ಕೆಂಪು, ತಣ್ಣಗೆ ನೀಲಿ, ಹಗ್ಗದ ತರ ಬಾಗುತ್ತೆ, ನೀರು ಹೆಪ್ಪುಗಟ್ಟಿದರೂ ಸ್ವಲ್ಪ ಹಿಗ್ಗಿ ತಡೆದುಕೊಳ್ಳುತ್ತೆ.

ತುಮಕೂರಿನಲ್ಲಿ ನೀರು ಹೆಪ್ಪುಗಟ್ಟಲ್ಲ ಅಂತ ಗೊತ್ತು. ಸುಮ್ನೆ ಹೇಳಿದೆ.

ಗಡಿಬಿಡಿ_ಗುಂಡ

ಜನವರಿ ಬೆಳಿಗ್ಗೆ ಟ್ಯಾಂಕಿನ ನೀರು ಮೈಮೇಲೆ ಹಾಕಿಕೊಂಡು ನೋಡಿ ಸಾರ್, ಆಮೇಲೆ ಹೇಳಿ.

ಮೈಸೂರು_ಮನೆಯೊಡತಿ

ಪೈಪ್ ಯಾವುದಾದರೂ ಹಾಕಿ, ಗಿಲಾವಿಗೆ ಮುಂಚೆ ಎಲ್ಲ ಗೋಡೆಗಳ ಫೋಟೋ ತೆಗೆದಿಡಿ. ಪಕ್ಕದಲ್ಲಿ ಅಳತೆ ಟೇಪು ಹಿಡಿದು, ಮೂಲೆಯಿಂದ ಎಷ್ಟು, ನೆಲದಿಂದ ಎಷ್ಟು ಅಂತ ಕಾಣಬೇಕು. ನಮ್ಮ ಮನೆಯಲ್ಲಿ ಟವಲ್ ಹಾಕೋ ಕಂಬಿ ಕೂರಿಸೋಕೆ ಬಂದ ಹುಡುಗ ಸರಿಯಾಗಿ ಸಿಪಿವಿಸಿ ನಡುವಿಗೇ ಡ್ರಿಲ್ ಹೊಡೆದ. ಗೃಹಪ್ರವೇಶ ಆಗಿ ಒಂಬತ್ತನೇ ದಿನ. ಹೊಸ ಟೈಲ್ಸ್ ಒಡೆದದ್ದು, ಅದೇ ಬಣ್ಣದ್ದು ಮತ್ತೆ ಸಿಗಲಿಲ್ಲ. ಈಗಲೂ ಆ ಜಾಗದಲ್ಲಿ ಒಂದು ಹೂವಿನ ಟೈಲ್ಸ್ ಇದೆ. ಬಂದವರೆಲ್ಲ ಡಿಸೈನ್ ಅಂದುಕೊಂಡಿದ್ದಾರೆ.

ಹೊಸಮನೆ_ತುಮಕೂರು

ಅಪ್ಪ ಹಿಂದೆ ನಿಂತು ಓದಿದರು. "ಜಿಐ ಆಗಿದ್ದರೆ ಡ್ರಿಲ್ ಬಿಟ್ಟೇ ಮುರೀತಿತ್ತು" ಅಂತ ಬರೆಯಬೇಕಂತೆ. ಬರೆದಿದ್ದೀನಿ.

ಹಳೇಮನೆ_ಹಾಸನ

ಅಪ್ಪನಿಗೆ ಒಂದು ಅಂಕ.

ನಲ್ಲಿರಿಪೇರಿ

ಕೆಲಸ ಶುರು ಆಗೋಕೆ ಮುಂಚೆ ಇದನ್ನು ಓದಿ. ಸಿಪಿವಿಸಿ ಸೋರೋದು ಮುಕ್ಕಾಲು ಪಾಲು ಸಾಲ್ವೆಂಟ್ ಕೆಲಸದಿಂದ.

ಆಕ್ಸಾ ಬ್ಲೇಡಿನಲ್ಲಿ ಕತ್ತರಿಸಿದರೆ ಅಂಚಿನಲ್ಲಿ ನೂಲು ತರ ಎಳೆ ಉಳಿಯುತ್ತೆ. ಚಾಕುವಿನಲ್ಲಿ ಅದನ್ನು ತೆಗೆದು ಅಂಚನ್ನು ಸ್ವಲ್ಪ ಇಳಿಜಾರು ಮಾಡಬೇಕು. ಇಲ್ಲದಿದ್ದರೆ ಪೈಪು ಒಳಗೆ ಹೋಗೋವಾಗ ಹಚ್ಚಿದ ಸಾಲ್ವೆಂಟನ್ನೆಲ್ಲ ಕೆರೆದುಕೊಂಡು ಹೋಗುತ್ತೆ. ಬಟ್ಟೆಯಲ್ಲಿ ಸಿಮೆಂಟ್ ಧೂಳು ಒರೆಸಬೇಕು. ಪೈಪಿಗೆ ಧಾರಾಳವಾಗಿ, ಫಿಟಿಂಗ್ ಒಳಗೆ ತೆಳ್ಳಗೆ ಹಚ್ಚಬೇಕು. ಕಾಲು ಸುತ್ತು ತಿರುಗಿಸಿ ಒತ್ತಿ, ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಯಾಕೆ ಅಂದರೆ ಫಿಟಿಂಗ್ ಒಳಗೆ ಸ್ವಲ್ಪ ಇಕ್ಕಟ್ಟಾಗ್ತಾ ಹೋಗುತ್ತೆ, ಬಿಟ್ಟ ತಕ್ಷಣ ಪೈಪನ್ನು ಹೊರಗೆ ತಳ್ಳುತ್ತೆ. ಕೈಯಲ್ಲಿ ಹಿಡಿದರೆ ಆ ತಳ್ಳಾಟ ಗೊತ್ತಾಗುತ್ತೆ. ಅದು ನಿಂತ ಮೇಲೆ ಕೈ ಬಿಡಿ.

ಸಾಲ್ವೆಂಟ್ ಡಬ್ಬ ಬೇರೆ ಬೇರೆ. ಯುಪಿವಿಸಿ ಸಾಲ್ವೆಂಟನ್ನು ಸಿಪಿವಿಸಿಗೆ ಹಚ್ಚಿದರೆ ತಣ್ಣೀರಿಗೆ ನಿಲ್ಲುತ್ತೆ, ಬಿಸಿ ನೀರಿಗೆ ಬಿಡುತ್ತೆ. ಮುಚ್ಚಳ ತೆಗೆದಿಟ್ಟು ಜೆಲ್ಲಿ ತರ ಆಗಿದ್ದರೆ ಎಸೀರಿ. ಥಿನ್ನರ್ ಹಾಕಿ ಕಲಸೋ ಹುಡುಗರಿದ್ದಾರೆ, ಬಿಡಬೇಡಿ.

ನಲ್ಲಿ ಕೂರೋ ಜಾಗದಲ್ಲೆಲ್ಲ ಹಿತ್ತಾಳೆ ಮರೆ (ತಿರುಪಿನ ಸುತ್ತು) ಇರೋ ಫಿಟಿಂಗ್ ಹಾಕಿಸಿ, ಬರೀ ಪ್ಲಾಸ್ಟಿಕ್ ಮರೆ ಬೇಡ. ಅಲ್ಲಿಗೆ ಟೆಫ್ಲಾನ್ ಟೇಪ್ ಮಾತ್ರ. ಜಿಐ ಕಾಲದ ಸೆಣಬು, ಬಿಳಿ ಪೇಸ್ಟು ಸಿಪಿವಿಸಿಗೆ ತಾಗಿಸಬೇಡಿ, ಎಣ್ಣೆ ಅಂಶ ಅದನ್ನು ಸೀಳಿಸುತ್ತೆ. ಗೀಸರ್ ಇದ್ದರೆ ಮೊದಲ ಒಂದು ಅಡಿ ಲೋಹದ ಪೈಪು.

ಹುಬ್ಬಳ್ಳಿ_ಸೈಟ್‌ಮನಿ

ಇದಕ್ಕ ಒಂದು ಸೇರಸ್ರಿ, ತಾರಸಿ ಮ್ಯಾಲಿನ ಉದ್ದನೆಯ ಓಟ. ಸಿಪಿವಿಸಿ ಬಿಸಿಗೆ ಬೆಳೀತದ. 10 ಮೀಟರ್ ಪೈಪು 25 ಡಿಗ್ರಿಯಿಂದ 65 ಡಿಗ್ರಿಗೆ ಹೋದರೆ ಹತ್ತಿರ ಹತ್ತಿರ 25 ಎಂಎಂ, ಅಂದರೆ ಒಂದು ಇಂಚು. ಎರಡೂ ತುದಿ ಬಿಗಿದು ಕಟ್ಟಿದರೆ ಆ ಒಂದು ಇಂಚು ಎಲ್ಲಿಗೆ ಹೋಗ್ಬೇಕು? ಎಲ್ಬೋ ಸೀಳ್ತದ. ಒಂದು ಕಡೆ ಯು ಆಕಾರದ ಬಳಸು ಕೊಡ್ರಿ, ಕ್ಲಾಂಪು ಪೈಪನ್ನು ಹಿಚುಕಬಾರದು, ಜಾರೋ ಹಂಗ ಇರ್ಬೇಕು. ಪಿಪಿಆರ್ ಇದಕ್ಕಿಂತ ಎರಡು ಪಟ್ಟು ಬೆಳೀತದ, ಪಕ್ಷದವರು ಬೇಜಾರಾಗಬ್ಯಾಡ್ರಿ. ಬಿಸಿಲಿಗೆ ಬೀಳೋ ಸಿಪಿವಿಸಿಗೆ ನೀರಿನಲ್ಲಿ ಕಲಸೋ ಪೇಂಟ್ ಬಳೀರಿ. ಎಣ್ಣೆ ಪೇಂಟ್ ಬ್ಯಾಡ.

ಪಿಪಿಆರ್_ಪಕ್ಷ

ಬೇಜಾರಾಗಿದೆ. ನಡುವೆ ನಾರಿನ ಪದರ ಇರೋ ಪಿಪಿಆರ್ ಬಂದಿದೆ, ಅದು ಅಷ್ಟು ಬೆಳೆಯಲ್ಲ. ಗೊತ್ತಿರಲಿ.

ಹೊಸಮನೆ_ತುಮಕೂರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮನೆಯಲ್ಲಿ ಕೂತು ತೀರ್ಮಾನ ಮಾಡಿದೆವು. ಗೋಡೆಯೊಳಗೆ ಸಿಪಿವಿಸಿ, ಬಿಸಿ ತಣ್ಣನೆ ಎರಡಕ್ಕೂ ಎಸ್‌ಡಿಆರ್ 11. ಬಚ್ಚಲಿಗೆ ಮುಕ್ಕಾಲು ಇಂಚು. ಸೋಲಾರಿನಿಂದ ಇಳಿಯೋ ತನಕ ಕಾಂಪೋಸಿಟ್, ವಾಲ್ವ್ ಸಮೇತ. ಸಂಪಿನಿಂದ ಟ್ಯಾಂಕಿಗೆ ಏರೋದು ಯುಪಿವಿಸಿ. ಗಡಸು ನೀರಿಗೆ ಸಾಫ್ಟ್‌ನರ್ ಆಮೇಲೆ ನೋಡೋಣ ಅಂತ ತಾರಸಿಯಲ್ಲಿ ಜಾಗ ಮತ್ತು ಎರಡು ವಾಲ್ವ್ ಬಿಟ್ಟಿದ್ದೇವೆ.

ಅಪ್ಪ ಮಾತಾಡ್ತಾ ಇಲ್ಲ.

ಹಳೇಮನೆ_ಹಾಸನ

ಹಿತ್ತಲಿನ ಗಿಡದ ನಲ್ಲಿ ಜಿಐನಲ್ಲಿ ಹಾಕಿಸಿಬಿಡಿ. ಗೋಡೆಯ ಹೊರಗೆ ಇರುತ್ತೆ, ಮಕ್ಕಳು ಕಾಲಿಟ್ಟು ಹತ್ತಿದರೂ ಮುರಿಯಲ್ಲ. ಅವರಿಗೂ ಸಮಾಧಾನ, ನಿಮಗೂ ಅನುಕೂಲ. ಕೆಂಪು ಪಟ್ಟಿ ಇರೋ ಸಿ ಕ್ಲಾಸ್ ತಗೊಳ್ಳಿ, ಅದು ದಪ್ಪ. ಹಳದಿ ಪಟ್ಟಿಯದು ತೆಳು, ನೀಲಿ ನಡುವಿನದು.

ನಲ್ಲಿರಿಪೇರಿ

ಗಿಲಾವು ಹಾಕೋಕೆ ಮುಂಚೆ ಪ್ರೆಷರ್ ಟೆಸ್ಟ್ ಮಾಡಿಸಿ. ಎಲ್ಲ ಬಾಯಿಗೆ ಪ್ಲಗ್ ಹಾಕಿ, ಗಾಳಿ ಪೂರ್ತಿ ಬಿಟ್ಟು, ಕೈ ಪಂಪಿನಲ್ಲಿ ನೀರು ಒತ್ತಿ, ಒಂದು ರಾತ್ರಿ ಬಿಡಿ. ಕೊನೆಯ ಜಾಯಿಂಟ್ ಹಾಕಿ ಕನಿಷ್ಠ 24 ಗಂಟೆ ಆಗಿರಬೇಕು. ಯಾರು ಏನೇ ಹೇಳಲಿ, ಮೇಸ್ತ್ರಿಗೆ ಎಷ್ಟೇ ಅವಸರ ಇರಲಿ.

ಹೊಸಮನೆ_ತುಮಕೂರು

(ಎರಡು ವಾರದ ಮೇಲೆ)

ಪೈಪ್ ಕೆಲಸ ಮುಗೀತು. ನಿನ್ನೆ ಸಂಜೆ 6 ಕೆಜಿಗೆ ಒತ್ತಿ ಬಿಟ್ಟೆವು. ಬೆಳಿಗ್ಗೆ ಹೋಗಿ ನೋಡಿದರೆ ಮುಳ್ಳು ಐದೂವರೆಯಲ್ಲಿದೆ! ನಮ್ಮ ಪ್ಲಂಬರ್ "ರಾತ್ರಿ ಚಳಿಗೆ ಅಷ್ಟು ಇಳಿಯುತ್ತೆ, ಏನೂ ಆಗಿಲ್ಲ" ಅಂತಾರೆ. ಮೇಸ್ತ್ರಿ ಕಲಸಿದ ಗಾರೆ ಹಿಡಿದು ನಿಂತಿದ್ದಾರೆ. ಬೇಗ ಹೇಳಿ.

ಹುಬ್ಬಳ್ಳಿ_ಸೈಟ್‌ಮನಿ

ಚಳಿಗೆ ಇಳೀತದ, ಪೈಪು ಸ್ವಲ್ಪ ಹಿಗ್ಗಿದರೂ ಇಳೀತದ. ಪ್ಲಂಬರ್ ಹೇಳಿದ್ದು ಸುಳ್ಳಲ್ಲ. ಮತ್ತೆ 6ಕ್ಕೆ ಏರಿಸಿ ಎರಡು ತಾಸು ನೋಡ್ರಿ. ಮತ್ತೆ ಇಳಿದರೆ ಚಳಿಯಲ್ಲ.

ನಲ್ಲಿರಿಪೇರಿ

ಮೇಸ್ತ್ರಿಗೆ ಟೀ ಕೊಡಿಸಿ. ಗಿಲಾವು ಬೇಡ. ಹುಡುಗರು ಅಳತೆಗೆ ಅಂತ ಸಾಲ್ವೆಂಟ್ ಇಲ್ಲದೆ ಒಣಗಾಗಿ ಸೇರಿಸಿಟ್ಟು, ಆಮೇಲೆ ಹಚ್ಚೋದು ಮರೆತಿರ್ತಾರೆ. ಅದು ಬಿಗಿಯಾಗೇ ಕೂತಿರುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಎಲ್ಲ ಜಾಯಿಂಟ್ ಮೇಲೆ ಕೈ ಆಡಿಸಿ ನೋಡಿ. ಸಾಲ್ವೆಂಟ್ ಹಚ್ಚಿದ ಕಡೆ ಅಂಚಿನಲ್ಲಿ ಉಬ್ಬಿದ ಗೆರೆ ಸಿಗುತ್ತೆ. ಇಲ್ಲದ್ದನ್ನು ಹಿಡೀರಿ.

ಹೊಸಮನೆ_ತುಮಕೂರು

ಸಿಕ್ಕಿತು! ಕೆಳಗಿನ ಅಡುಗೆಮನೆ, ಸಿಂಕಿನ ಹಿಂದಿನ ಎಲ್ಬೋ. ನೀವು ಹೇಳಿದ ಹಾಗೇ, ಸಾಲ್ವೆಂಟ್ ಹಚ್ಚೇ ಇಲ್ಲ. ಹಿಡಿದು ತಿರುಗಿಸಿದರೆ ಪೈಪು ಸಲೀಸಾಗಿ ಸುತ್ತುತ್ತೆ.

ಹುಡುಕಿದ್ದು ನಾನಲ್ಲ, ಪ್ಲಂಬರೂ ಅಲ್ಲ. ನಾವು ಮೊಬೈಲ್ ನೋಡ್ತಾ ಮುಳ್ಳಿನ ಬಗ್ಗೆ ವಾದ ಮಾಡ್ತಾ ಇದ್ದಾಗ ಅಪ್ಪ ಹಳೇ ಪೇಪರಿನ ಕಟ್ಟು ತಂದು, ಒಂದೊಂದು ಜಾಯಿಂಟಿನ ಕೆಳಗೂ ಒಂದೊಂದು ಹಾಳೆ ಹಾಸಿಕೊಂಡು ಹೋದರು. ಯಾರಿಗೂ ಏನೂ ಹೇಳಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಬಂದು ಒಂದೊಂದೇ ಎತ್ತಿ ನೋಡಿದರು. ಸಿಂಕಿನ ಕೆಳಗಿನ ಹಾಳೆಯಲ್ಲಿ ಒಂದು ರೂಪಾಯಿ ಅಗಲ ಒದ್ದೆ. ಅದನ್ನು ತಂದು ನನ್ನ ಮುಂದೆ ಇಟ್ಟು ಹೋದರು.

ಹಳೇಮನೆ_ಹಾಸನ

ಹಿತ್ತಲಿಗೆ ಎರಡು ಜಿಐ ನಲ್ಲಿ ಹಾಕಿಸಿ.

ಗಡಿಬಿಡಿ_ಗುಂಡ

ಸಿ ಕ್ಲಾಸ್.